ನರ ಸಮಸ್ಯೆ ಇರುವ ಮಕ್ಕಳಿಗೆ ವಿಟಮಿನ್ ಪರೀಕ್ಷೆ: ಯಾವುದು ಬೇಕು, ಯಾವುದು ಬೇಡ?

ನೀಲಿಕೊಡೆ

ಮಗನಿಗೆ ಏಳು ವರ್ಷ, ಅಪಸ್ಮಾರ ಇದೆ. ಕಾರ್ಬಮಜೆಪಿನ್ ಕೊಡುತ್ತಿದ್ದೇವೆ, ಸೆಳವು ಹತೋಟಿಯಲ್ಲಿದೆ. ಹೋದ ವರ್ಷ ಅವನ ವಿಟಮಿನ್ ಡಿ 41 ಇತ್ತು. ಈ ಸಲ ಬೇರೆ ಪ್ರಯೋಗಾಲಯದಲ್ಲಿ ಮಾಡಿಸಿದರೆ 14 ಎಂದು ಬಂದಿದೆ. ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುವುದು ಸಾಧ್ಯವೇ? ಇದರ ಜೊತೆಗೆ, ನರದ ತೊಂದರೆ ಇರುವ ಮಕ್ಕಳಿಗೆಂದೇ ಒಂದು ಸಮಗ್ರ ವಿಟಮಿನ್ ಪರೀಕ್ಷೆ ಇದೆ, ಒಮ್ಮೆ ರಕ್ತ ತೆಗೆದರೆ ಎಲ್ಲವೂ ತಿಳಿಯುತ್ತದೆ ಎಂದು ಪ್ರಯೋಗಾಲಯದವರು ಹೇಳುತ್ತಿದ್ದಾರೆ. ಅವನಿಗೆ ಸೂಜಿ ಕಂಡರೆ ಆಗದು, ಹಿಡಿದುಕೊಳ್ಳಲು ಇಬ್ಬರು ಬೇಕು. ಹೇಗೂ ಚುಚ್ಚಿಸಿಕೊಳ್ಳಬೇಕಲ್ಲ, ಎಲ್ಲವನ್ನೂ ಒಟ್ಟಿಗೇ ಮುಗಿಸಿಬಿಡೋಣವೇ?

ಬೆಳಗಿನ ಪಾಳಿ

ನಾನು ಪ್ರಯೋಗಾಲಯದ ತಂತ್ರಜ್ಞ. ಮೊದಲು ಎರಡೂ ವರದಿಗಳಲ್ಲಿ ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿ ಹೇಳಿ. ಏಕಮಾನ ಯಾವುದು?

ನೀಲಿಕೊಡೆ

ಹಳೆಯದರಲ್ಲಿ ಲೀಟರಿಗೆ ನ್ಯಾನೊಮೋಲ್. ಹೊಸದರಲ್ಲಿ ಮಿಲಿಲೀಟರಿಗೆ ನ್ಯಾನೊಗ್ರಾಂ.

ಬೆಳಗಿನ ಪಾಳಿ

ಹಾಗಾದರೆ ಕುಸಿತದ ಮಾತೇ ಇಲ್ಲ. ನ್ಯಾನೊಮೋಲ್ ಅಂಕಿಯನ್ನು 2.5ರಿಂದ ಭಾಗಿಸಿದರೆ ನ್ಯಾನೊಗ್ರಾಂ ಸಿಗುತ್ತದೆ. ನಿಮ್ಮ ಹಳೆಯ 41 ಅಂದರೆ ಈಗಿನ ಲೆಕ್ಕದಲ್ಲಿ 16.4. ಹದಿನಾರಕ್ಕೂ ಹದಿನಾಲ್ಕಕ್ಕೂ ಇರುವ ಅಂತರ ಎರಡು ಯಂತ್ರಗಳ ನಡುವೆಯೇ ಬರಬಹುದು, ಬಿಸಿಲು ಕಡಿಮೆಯಾದ ತಿಂಗಳಲ್ಲಿ ರಕ್ತ ತೆಗೆದರೂ ಬರಬಹುದು. ಆದರೆ ನಿಶ್ಚಿಂತೆಯಿಂದ ಇರಿ ಎಂದು ಹೇಳಲಾರೆ. ಹೋದ ವರ್ಷವೂ ಮಟ್ಟ ಕಡಿಮೆಯೇ ಇತ್ತು, 41 ದೊಡ್ಡ ಅಂಕಿಯಾಗಿ ಕಂಡದ್ದರಿಂದ ಯಾರ ಗಮನಕ್ಕೂ ಬರಲಿಲ್ಲ ಅಷ್ಟೇ. ಪೋಷಣೆಯ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ಬಗ್ಗೆ 2016ರಲ್ಲಿ ಹೊರಬಂದ ಜಾಗತಿಕ ಒಮ್ಮತದ ಶಿಫಾರಸಿನಲ್ಲಿ ಲೀಟರಿಗೆ 50 ನ್ಯಾನೊಮೋಲ್‌ಗಿಂತ, ಅಂದರೆ 20 ನ್ಯಾನೊಗ್ರಾಂಗಿಂತ ಮೇಲಿದ್ದರೆ ಸಾಕು, 30ಕ್ಕಿಂತ, ಅಂದರೆ 12 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂದಿದೆ. ನಿಮ್ಮ ಮಗ ಎರಡು ಸಲವೂ ನಡುವಿನ ಪಟ್ಟಿಯಲ್ಲೇ ಇದ್ದಾನೆ.

ಇನ್ನೊಂದು. ವರದಿಯಲ್ಲಿ ‘25-ಹೈಡ್ರಾಕ್ಸಿ’ ಎಂದು ಇದೆ ತಾನೇ? ‘1,25-ಡೈಹೈಡ್ರಾಕ್ಸಿ’ ಎಂದಿದ್ದರೆ ಅದು ಬೇರೆ ಪರೀಕ್ಷೆ. ಮೊದಲನೆಯದು ದೇಹದ ದಾಸ್ತಾನನ್ನು ತೋರಿಸುತ್ತದೆ, ರಕ್ತದಲ್ಲಿ ಅದರ ಅರ್ಧಾಯುಷ್ಯ ಎರಡು ಮೂರು ವಾರ. ಎರಡನೆಯದು ಹಾರ್ಮೋನ್, ಕೆಲವೇ ಗಂಟೆಗಳಲ್ಲಿ ಕರಗುತ್ತದೆ, ಕೊರತೆ ಇದ್ದಾಗಲೂ ಸಹಜವಾಗಿ ಅಥವಾ ಹೆಚ್ಚಾಗಿಯೇ ಕಾಣಬಹುದು. ಅರ್ಜಿಯಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿ ಕಳಿಸುವವರು ಇಂದಿಗೂ ಇದ್ದಾರೆ.

ಸುತ್ತಿಗೆ

ಮಕ್ಕಳ ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಗನನ್ನು ನೋಡದೆ ಔಷಧಿಯ ಪ್ರಮಾಣ ಹೇಳುವುದಿಲ್ಲ, ಕಾರಣ ಮಾತ್ರ ಹೇಳಬಲ್ಲೆ.

ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್, ಪ್ರಿಮಿಡೋನ್ ಇವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವ ಔಷಧಿಗಳು. ಹೀಗೆ ಚುರುಕಾದ ಕಿಣ್ವಗಳು ಔಷಧಿಯನ್ನಷ್ಟೇ ಅಲ್ಲ, ವಿಟಮಿನ್ ಡಿಯನ್ನೂ ಬೇಗ ಬೇಗ ಒಡೆದು ಹಾಕುತ್ತವೆ. ಆದ್ದರಿಂದ ಈ ಮಕ್ಕಳಲ್ಲಿ ಡಿ ಅಳೆಯುವುದಕ್ಕೆ ಗಟ್ಟಿ ಕಾರಣವಿದೆ. ವಾಲ್ಪ್ರೊಯೇಟ್ ಈ ಗುಂಪಿಗೆ ಸೇರಿದ್ದಲ್ಲ, ಅದು ಕಿಣ್ವಗಳನ್ನು ತಡೆಯುತ್ತದೆ. ಆದರೂ ದೀರ್ಘಕಾಲ ಅದನ್ನು ತೆಗೆದುಕೊಂಡ ಮಕ್ಕಳಲ್ಲಿ ಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ, ಹಾಗಾಗಿ ಅದನ್ನೂ ಪೂರ್ತಿ ನಿರ್ದೋಷಿ ಎನ್ನಲಾಗದು.

ಡಿಯ ಅಂಕಿಯೊಂದನ್ನೇ ಇಟ್ಟುಕೊಂಡು ನಾನು ತೀರ್ಮಾನಕ್ಕೆ ಬರುವುದಿಲ್ಲ. ಕ್ಯಾಲ್ಸಿಯಂ, ಫಾಸ್ಫೇಟ್, ಮೂಳೆಯ ಸ್ಥಿತಿಯ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ, ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಜೊತೆಗಿರಬೇಕು. ಡಿ 14 ಇದ್ದು ಪ್ಯಾರಾಥೈರಾಯ್ಡ್ ಸಹಜವಾಗಿದ್ದರೆ ಒಂದು ಕಥೆ. ಅದೇ 14ರ ಜೊತೆಗೆ ಪ್ಯಾರಾಥೈರಾಯ್ಡ್ ಏರಿದ್ದರೆ ದೇಹ ಆಗಲೇ ಮೂಳೆಯಿಂದ ಕ್ಯಾಲ್ಸಿಯಂ ಸಾಲ ತೆಗೆಯಲು ಶುರು ಮಾಡಿದೆ ಎಂದರ್ಥ. ಕ್ಯಾಲ್ಸಿಯಂ ತೀರಾ ಇಳಿದರೆ ಅದೊಂದೇ ಸೆಳವು ತರಬಲ್ಲದು. ಅಪಸ್ಮಾರ ಇರುವ ಮಗುವಿಗೆ ಸೆಳವು ಹೆಚ್ಚಾದಾಗ ಎಲ್ಲರೂ ಔಷಧಿಯ ಪ್ರಮಾಣ ಏರಿಸುವ ಯೋಚನೆಯಲ್ಲೇ ಇರುತ್ತಾರೆ, ಕ್ಯಾಲ್ಸಿಯಂ ನೋಡಲು ಮರೆಯುತ್ತಾರೆ.

ಸಂದೇಹಿ

ಒಂದು ನೇರ ಪ್ರಶ್ನೆ. ಈ ಔಷಧಿ ತೆಗೆದುಕೊಳ್ಳುವ ಮಕ್ಕಳಲ್ಲಿ ಡಿ ಕಡಿಮೆಯಾಗುತ್ತದೆ ಎಂದು ಮೊದಲೇ ಗೊತ್ತಿದ್ದ ಮೇಲೆ ಅಳೆಯುವುದೇಕೆ? ಎಲ್ಲರಿಗೂ ಡಿ ಹನಿ ಔಷಧಿ ಕೊಟ್ಟುಬಿಟ್ಟರೆ ಮಗುವಿಗೆ ಸೂಜಿಯೂ ತಪ್ಪುತ್ತದೆ, ಅಪ್ಪ ಅಮ್ಮನಿಗೆ ನಿದ್ದೆಯೂ ಬರುತ್ತದೆ. ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವುದು ಈಗೀಗ ಒಂದು ಚಟವಾಗಿದೆ.

ಸುತ್ತಿಗೆ

ಅರ್ಧ ಒಪ್ಪುತ್ತೇನೆ. ಒಂದು ವರ್ಷದೊಳಗಿನ ಕೂಸಿಗೆ ದಿನಕ್ಕೆ 400 ಯೂನಿಟ್, ದೊಡ್ಡ ಮಕ್ಕಳಿಗೆ 600 ಯೂನಿಟ್ ಎನ್ನುವ ನಿತ್ಯದ ಪ್ರಮಾಣ ಕೊಡಲು ಯಾರ ರಕ್ತವನ್ನೂ ತೆಗೆಯಬೇಕಿಲ್ಲ. ತಕರಾರು ಬರುವುದು ಅದಕ್ಕಿಂತ ಹೆಚ್ಚು ಕೊಡಬೇಕಾದಾಗ. ಕಿಣ್ವ ಚುರುಕುಗೊಳಿಸುವ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ಈ ಪ್ರಮಾಣ ಅನೇಕ ಸಲ ಸಾಲುವುದಿಲ್ಲ. ಎಷ್ಟು ಹೆಚ್ಚು ಬೇಕು ಎನ್ನುವುದು ಮಗುವಿನಿಂದ ಮಗುವಿಗೆ ಬೇರೆ. ಅಂದಾಜಿನಲ್ಲಿ ಕೊಡುತ್ತಾ ಹೋದರೆ ಎರಡೂ ಕಡೆ ಅಪಾಯವಿದೆ. ಮಟ್ಟ 150 ನ್ಯಾನೊಗ್ರಾಂ ದಾಟಿ ಕ್ಯಾಲ್ಸಿಯಂ ಏರಿದ ಮಗು ವಾಂತಿ, ಮಲಬದ್ಧತೆ, ಮಂಪರು ಎಂದು ಬಂದರೆ, ಮಾತು ಬಾರದ ಮಗುವಾಗಿದ್ದರೆ, ಅದನ್ನು ಮೂಲ ಕಾಯಿಲೆಯ ಲಕ್ಷಣವೆಂದೇ ಎಲ್ಲರೂ ಭಾವಿಸುತ್ತಾರೆ. ಹೆಚ್ಚಿನ ಪ್ರಮಾಣ ಶುರು ಮಾಡಿ ಸುಮಾರು ಮೂರು ತಿಂಗಳಾದ ಮೇಲೆ ಒಮ್ಮೆ ನೋಡುವುದು ಈ ಕಾರಣಕ್ಕೆ. ಎರಡೇ ವಾರಕ್ಕೆ ನೋಡಿದರೆ ಮಟ್ಟ ಇನ್ನೂ ಏರುತ್ತಲೇ ಇರುತ್ತದೆ, ಆ ಅಂಕಿ ಯಾವುದಕ್ಕೂ ಬಾರದು.

ಗಾಲಿಕುರ್ಚಿ ಅಪ್ಪ

ನಮ್ಮ ಮಗಳಿಗೆ ಸೆರೆಬ್ರಲ್ ಪಾಲ್ಸಿ, ನಡೆಯುವುದಿಲ್ಲ, ನಿಲ್ಲುವುದೂ ಇಲ್ಲ. ಬಟ್ಟೆ ಬದಲಿಸುವಾಗ ತೊಡೆಯ ಮೂಳೆ ಮುರಿಯಿತು. ಬಿದ್ದದ್ದಲ್ಲ, ಏಟು ತಾಗಿದ್ದಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿದ್ದವರು ಮೊದಲು ನೋಡಿದ್ದು ನಮ್ಮ ಮುಖವನ್ನು, ಆಮೇಲೆ ಎಕ್ಸ್‌ರೇಯನ್ನು. ಆ ನೋಟ ಹೇಗಿರುತ್ತದೆ ಎಂದು ಇಲ್ಲಿರುವ ಕೆಲವರಿಗಾದರೂ ಗೊತ್ತಿರುತ್ತದೆ.

ವಿಷಯ ಏನೆಂದರೆ, ಆಗ ಅವಳ ವಿಟಮಿನ್ ಡಿ 32 ನ್ಯಾನೊಗ್ರಾಂ ಇತ್ತು. ಸಂಪೂರ್ಣ ಸಹಜ. ವರ್ಷಗಳಿಂದ ಆ ಅಂಕಿಯನ್ನು ನೋಡಿ ನಾವು ಮೂಳೆ ಚೆನ್ನಾಗಿದೆ ಎಂದುಕೊಂಡಿದ್ದೆವು, ಹಾಗಲ್ಲ ಎಂದು ಯಾರೂ ಹೇಳಿರಲಿಲ್ಲ. ಭಾರ ಹೊರದ ಮೂಳೆ ತೆಳ್ಳಗೇ ಬೆಳೆಯುತ್ತದೆ, ರಕ್ತದಲ್ಲಿ ಎಷ್ಟೇ ಡಿ ಇದ್ದರೂ. ಸಾಂದ್ರತೆ ನೋಡಲು ಡೆಕ್ಸಾ ಸ್ಕ್ಯಾನ್ ಬೇರೆಯೇ ಮಾಡಬೇಕು. ಕೀಲುಗಳು ಬಿಗಿದುಕೊಂಡು ನೇರವಾಗಿ ಮಲಗಲಾಗದ ಮಕ್ಕಳಿಗೆ ಮಂಡಿಯ ಮೇಲ್ಭಾಗದಲ್ಲಿ, ಪಕ್ಕಕ್ಕೆ ಮಲಗಿಸಿ ತೆಗೆಯುವ ವಿಧಾನವೂ ಇದೆ, ಕೇಳಿ ನೋಡಿ.

ಸುತ್ತಿಗೆ

ಇವರು ಹೇಳಿದ್ದನ್ನು ನಾನು ಮೊದಲೇ ಹೇಳಬೇಕಿತ್ತು. ಡಿ ಸಹಜವಾಗಿದೆ ಎಂದರೆ ಮೂಳೆ ಮುರಿಯಲು ಒಂದು ಕಾರಣ ಕಡಿಮೆಯಾಯಿತು ಎಂದಷ್ಟೇ ಅರ್ಥ.

ಎರಡನೇ ಹೆರಿಗೆ

ನನ್ನದು ಬಿ12 ಕಥೆ. ಮಗಳು ಆರು ತಿಂಗಳವರೆಗೆ ಚೆನ್ನಾಗಿಯೇ ಇದ್ದಳು. ನಗುತ್ತಿದ್ದಳು, ಕತ್ತು ನಿಂತಿತ್ತು. ನಿಧಾನವಾಗಿ ನಗು ನಿಂತಿತು, ಮಗುಚಿಕೊಳ್ಳುವುದು ನಿಂತಿತು, ಹಾಲು ಬಿಟ್ಟರೆ ಬೇರೇನನ್ನೂ ಬಾಯಿಗೆ ತೆಗೆದುಕೊಳ್ಳಲಿಲ್ಲ. ಕೈ ನಡುಗಲು ಶುರುವಾದ ಮೇಲೆ ದೊಡ್ಡ ದೊಡ್ಡ ಕಾಯಿಲೆಗಳ ಹೆಸರು ಕಿವಿಗೆ ಬಿದ್ದವು. ಕೊನೆಗೆ ಹಿರಿಯ ವೈದ್ಯೆಯೊಬ್ಬರು ಅವಳ ರಕ್ತ ತೆಗೆಯುವ ಮೊದಲು ನನ್ನ ಊಟದ ಬಗ್ಗೆ ಕೇಳಿದರು, ಆಮೇಲೆ ನನ್ನ ರಕ್ತವನ್ನೂ ಕಳಿಸಿದರು. ನನಗೂ ಬಿ12 ಇರಲಿಲ್ಲ, ಅವಳಿಗೂ ಇರಲಿಲ್ಲ. ಎದೆಹಾಲಿನಲ್ಲಿ ಬರಬೇಕಾದದ್ದು ನನ್ನಲ್ಲಿಯೇ ಇರಲಿಲ್ಲ. ಚುಚ್ಚುಮದ್ದು ಶುರುವಾದ ಕೆಲವೇ ದಿನಗಳಲ್ಲಿ ಅವಳು ಕಣ್ಣಿಟ್ಟು ನೋಡಿದಳು.

ನಾನು ಇಲ್ಲಿ ಬರೆಯುತ್ತಿರುವುದು ಸಂದೇಹಿಯವರ ಮಾತಿಗೆ. ಕೆಲವು ಪರೀಕ್ಷೆಗಳನ್ನು ಮಾಡದಿರುವುದೇ ದುಬಾರಿ.

ಸಂದೇಹಿ

ನಿಮ್ಮ ಮಗಳ ವಿಷಯದಲ್ಲಿ ಮರುಮಾತಿಲ್ಲ. ಕಲಿತದ್ದನ್ನು ಮರೆಯುತ್ತಿರುವ ಕೂಸಿಗೆ ಬಿ12 ನೋಡದಿರುವುದು ಅಪರಾಧ. ನನ್ನ ಜಗಳ ಇರುವುದು ಪ್ರಶ್ನೆಯೇ ಇಲ್ಲದೆ ಮಾಡುವ ಪರೀಕ್ಷೆಯ ಜೊತೆಗೆ.

ಬೆಳಗಿನ ಪಾಳಿ

ಬಿ12 ಬಗ್ಗೆ ನಮ್ಮ ಮೇಜಿನ ಕಡೆಯಿಂದ. ಸಾಮಾನ್ಯ ಪರೀಕ್ಷೆ ಅಳೆಯುವುದು ರಕ್ತದಲ್ಲಿರುವ ಒಟ್ಟು ಬಿ12. ಅದರ ಮುಕ್ಕಾಲು ಭಾಗದಷ್ಟು ಹ್ಯಾಪ್ಟೊಕೊರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಜೀವಕೋಶಗಳು ಅದನ್ನು ಬಳಸಲಾರವು. ಟ್ರಾನ್ಸ್‌ಕೊಬಾಲಮಿನ್‌ಗೆ ಅಂಟಿದ ಉಳಿದ ಪಾಲು ಮಾತ್ರ ಕೋಶದ ಒಳಗೆ ಹೋಗುತ್ತದೆ. ಹಾಗಾಗಿ ಒಟ್ಟು ಅಂಕಿ ಗಡಿಯಲ್ಲಿ ನಿಂತಿದ್ದರೆ ‘ಸಕ್ರಿಯ ಬಿ12’ ಅಥವಾ ಮೀಥೈಲ್‌ಮಲೋನಿಕ್ ಆಮ್ಲ, ಹೋಮೊಸಿಸ್ಟೀನ್ ಕೇಳುತ್ತಾರೆ. ಬಿ12 ಇಲ್ಲದೆ ಕೋಶದ ಕೆಲಸ ನಿಂತಾಗ ಇವೆರಡೂ ರಕ್ತದಲ್ಲಿ ಏರುತ್ತವೆ.

ಹೋಮೊಸಿಸ್ಟೀನ್ ಮಾತ್ರ ಬಹಳ ನಾಜೂಕು. ರಕ್ತ ತೆಗೆದ ಮೇಲೆಯೂ ಕೆಂಪು ಕಣಗಳು ಅದನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಕೊಳವೆಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಯಂತ್ರದಲ್ಲಿ ತಿರುಗಿಸಿ ದ್ರವ ಬೇರ್ಪಡಿಸದಿದ್ದರೆ ಸುಳ್ಳು ಹೆಚ್ಚಳ ಬರುತ್ತದೆ. ಮನೆಗೆ ಬಂದು ರಕ್ತ ತೆಗೆದು, ಚೀಲದಲ್ಲಿ ಹಾಕಿಕೊಂಡು ಇನ್ನೂ ನಾಲ್ಕು ಮನೆ ಸುತ್ತಿ ಬರುವವರ ಕೈಯಲ್ಲಿ ಈ ಪರೀಕ್ಷೆ ಕೊಡಬೇಡಿ. ಮೀಥೈಲ್‌ಮಲೋನಿಕ್ ಆಮ್ಲ ಅಷ್ಟು ತಂಟೆಯದಲ್ಲ, ಆದರೆ ಮೂತ್ರಪಿಂಡದ ತೊಂದರೆ ಇದ್ದರೂ ಏರುತ್ತದೆ, ಪುಟ್ಟ ಕೂಸುಗಳಲ್ಲಿ ಸಹಜವಾಗಿಯೇ ಸ್ವಲ್ಪ ಹೆಚ್ಚಿರುತ್ತದೆ. ವರದಿಯಲ್ಲಿ ವಯಸ್ಸಿಗೆ ತಕ್ಕ ಮಿತಿ ಕೊಟ್ಟಿದ್ದಾರೆಯೇ, ಅಥವಾ ದೊಡ್ಡವರ ಮಿತಿಯನ್ನೇ ಮುದ್ರಿಸಿದ್ದಾರೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯ: ಮೊದಲ ಚುಚ್ಚುಮದ್ದಿಗೆ ಮುಂಚೆ ರಕ್ತ ತೆಗೆದಿಡಿ. ಚುಚ್ಚಿದ ಮೇಲೆ ಬರುವ ಬಿ12 ಅಂಕಿ ಚುಚ್ಚುಮದ್ದಿನ ಅಂಕಿ, ಮಗುವಿನದಲ್ಲ.

ಸುತ್ತಿಗೆ

ಇದಕ್ಕೆ ಮೂರು ಮಾತು ಸೇರಿಸುತ್ತೇನೆ. ರಕ್ತಹೀನತೆ ಇಲ್ಲ ಎಂದ ಮಾತ್ರಕ್ಕೆ ಬಿ12 ಸರಿಯಿದೆ ಎಂದುಕೊಳ್ಳಬಾರದು, ನರದ ಲಕ್ಷಣ ಮೊದಲು ಬರಬಹುದು. ಬಿ12 ನೋಡದೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ರಕ್ತ ಸರಿಹೋಗುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಹಲ್ಲಿನ ಚಿಕಿತ್ಸೆಗೋ ಶಸ್ತ್ರಚಿಕಿತ್ಸೆಗೋ ನೋವು ತಿಳಿಯದಂತೆ ಮಾಡುವ ನೈಟ್ರಸ್ ಆಕ್ಸೈಡ್ ಅನಿಲ ಕೊಡುವುದಿದ್ದರೆ, ಕೊರತೆಯ ಸಂದೇಹ ಇರುವ ಮಗುವಿನ ಬಿ12 ಮೊದಲು ನೋಡಬೇಕು. ಆ ಅನಿಲ ಇರುವ ಬಿ12 ಅನ್ನೂ ನಿಷ್ಕ್ರಿಯಗೊಳಿಸುತ್ತದೆ.

ಕೊಬಾಲಮಿನ್ ಸಿ ದೋಷ ಎಂಬ ಜನ್ಮಜಾತ ಸಮಸ್ಯೆಯಲ್ಲಿ ರಕ್ತದ ಬಿ12 ಸಹಜವಾಗಿರುತ್ತದೆ, ಅದನ್ನು ಬಳಸಿಕೊಳ್ಳುವ ದಾರಿಯೇ ಕೆಟ್ಟಿರುತ್ತದೆ. ಅಲ್ಲಿ ಹೋಮೊಸಿಸ್ಟೀನ್ ಮತ್ತು ಮೀಥೈಲ್‌ಮಲೋನಿಕ್ ಆಮ್ಲ ಎರಡೂ ಏರಿರುವುದೇ ಸುಳಿವು.

ತಟ್ಟೆ ಲೋಟ

ಪಥ್ಯತಜ್ಞೆಯಾಗಿ ಆಟಿಸಂ ಇರುವ ಮಕ್ಕಳನ್ನು ಹೆಚ್ಚು ನೋಡುತ್ತೇನೆ. ಬಣ್ಣ, ಮೃದುತ್ವ, ವಾಸನೆ ಎಂದು ಒಂದೊಂದನ್ನೇ ಬಿಡುತ್ತಾ ಕೊನೆಗೆ ಎರಡು ಮೂರು ತಿನಿಸಿಗೆ ಅಂಟಿಕೊಳ್ಳುವ ಮಕ್ಕಳು ಅನೇಕರು. ತೂಕ ಚೆನ್ನಾಗಿಯೇ ಇರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹೀಗಿದ್ದ ಒಬ್ಬ ಹುಡುಗ ಒಂದು ದಿನ ನಡೆಯಲು ನಿರಾಕರಿಸಿದ. ಕಾಲು ಮುಟ್ಟಿದರೆ ಚೀರುತ್ತಿದ್ದ. ಬೆನ್ನುಹುರಿಯ ಎಂಆರ್‌ಐ ಆಯಿತು, ರಕ್ತದ ಕ್ಯಾನ್ಸರ್ ಅನುಮಾನ ಬಂತು. ಬಾಯಿ ತೆರೆಸಿ ನೋಡಿದಾಗ ಒಸಡು ಊದಿ ರಕ್ತ ಒಸರುತ್ತಿತ್ತು. ವಿಟಮಿನ್ ಸಿ ಕೊರತೆ, ಹಳೆಯ ಕಾಲದ ಸ್ಕರ್ವಿ. ಆಟಿಸಂ ಇರುವ ಮಗು ಇದ್ದಕ್ಕಿದ್ದಂತೆ ಕುಂಟಿದರೆ ಅದನ್ನು ನಡವಳಿಕೆಯ ಸಮಸ್ಯೆ ಎಂದು ತಳ್ಳಿಹಾಕಬೇಡಿ.

ಇಂಥ ಮಕ್ಕಳಲ್ಲೇ ವಿಟಮಿನ್ ಎ ಕೊರತೆಯಿಂದ ಕಣ್ಣು ಒಣಗುವುದೂ ಇದೆ. ಯಾವ ವಿಟಮಿನ್ ನೋಡಬೇಕು ಎನ್ನುವುದು ತಟ್ಟೆಯಲ್ಲಿ ಏನಿಲ್ಲ ಎನ್ನುವುದರಿಂದಲೇ ಬಹುಪಾಲು ಗೊತ್ತಾಗುತ್ತದೆ. ಮೊದಲು ಒಂದು ವಾರ ಮಗು ತಿಂದದ್ದನ್ನೆಲ್ಲ ಬರೆದಿಡಿ, ಆಮೇಲೆ ಸೂಜಿಯ ಮಾತು.

ಬೆಳಗಿನ ಪಾಳಿ

ವಿಟಮಿನ್ ಸಿ ಗಾಳಿ, ಬೆಳಕು, ಬಿಸಿ ಎಲ್ಲಕ್ಕೂ ಕರಗುವ ಜೀವ. ಮಂಜುಗಡ್ಡೆ, ಬೆಳಕಿನಿಂದ ಮರೆ, ಆಮ್ಲ ಸೇರಿಸಿ ಸ್ಥಿರಗೊಳಿಸುವುದು ಯಾವುದೂ ಇಲ್ಲದೆ ಬಂದ ಮಾದರಿಯಲ್ಲಿ ‘ಕೊರತೆ’ ಕಂಡರೆ ಮಗುವಿನದೋ ಕೊಳವೆಯದೋ ಹೇಳಲಾಗದು. ಬಿ6, ವಿಟಮಿನ್ ಎ ಮಾದರಿಗಳನ್ನೂ ಬೆಳಕಿನಿಂದ ಮರೆಮಾಡಬೇಕು. ವಿಟಮಿನ್ ಎ ಇನ್ನೊಂದು ಕಾರಣಕ್ಕೂ ಮೋಸ ಮಾಡುತ್ತದೆ. ಅದನ್ನು ಹೊತ್ತೊಯ್ಯುವ ಪ್ರೋಟೀನ್ ಸೋಂಕು, ಜ್ವರದಲ್ಲಿ ಇಳಿಯುತ್ತದೆ, ಜೊತೆಗೆ ರೆಟಿನಾಲ್, ಅಂದರೆ ರಕ್ತದ ವಿಟಮಿನ್ ಎ ಅಂಕಿಯೂ ಇಳಿಯುತ್ತದೆ. ಜ್ವರ ಬಿಟ್ಟ ಮೇಲೆ ತೆಗೆಸಿ, ಇಲ್ಲವೇ ಉರಿಯೂತ ತೋರಿಸುವ ಸಿಆರ್‌ಪಿ ಜೊತೆಗೆ ನೋಡಿ.

ಸಂದೇಹಿ

ಬಿ6 ಬಂತಲ್ಲ, ಕೇಳಿಬಿಡುತ್ತೇನೆ. ಸೆಳವಿಗೆ ಕೊಡುವ ಲೆವೆಟಿರಾಸಿಟಾಂ ಶುರು ಮಾಡಿದ ಮೇಲೆ ಮಕ್ಕಳು ಸಿಡುಕುತ್ತಾರೆ, ಬಿ6 ಕೊಟ್ಟರೆ ತಣ್ಣಗಾಗುತ್ತಾರೆ ಎಂದು ಎಲ್ಲ ಕಡೆ ಹೇಳುತ್ತಾರೆ. ಅದಕ್ಕೆ ಮಟ್ಟ ನೋಡಬೇಕೇ?

ಸುತ್ತಿಗೆ

ಬೇಕಿಲ್ಲ. ಕೆಲವು ಮಕ್ಕಳಿಗೆ ಉಪಯೋಗವಾದಂತೆ ಕಾಣುತ್ತದೆ, ಪುರಾವೆ ಇನ್ನೂ ತೆಳುವಾಗಿದೆ, ರಕ್ತದ ಮಟ್ಟ ಈ ತೀರ್ಮಾನಕ್ಕೆ ನೆರವಾಗದು. ಆದರೆ ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟರೆ ಬಿ6 ತಾನೇ ಸಂವೇದನಾ ನರಗಳನ್ನು ಕೆಡಿಸುತ್ತದೆ. ನೀರಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಹೊರಗೆ ಹೋಗುತ್ತದೆ ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಬಿ6 ನಿಜವಾಗಿ ಜೀವ ಉಳಿಸುವ ಜಾಗ ಬೇರೆ ಇದೆ. ಯಾವ ಔಷಧಿಗೂ ಬಗ್ಗದ ಸೆಳವಿನ ನವಜಾತ ಶಿಶು. ಪಿರಿಡಾಕ್ಸಿನ್ (ಅಂದರೆ ಬಿ6) ಅವಲಂಬಿ ಅಪಸ್ಮಾರವನ್ನು ಮೊದಲು ವರದಿ ಮಾಡಿದ್ದು 1954ರಲ್ಲಿ. ಅದಕ್ಕೆ ಕಾರಣವಾದ ಎಎಲ್‌ಡಿಎಚ್7ಎ1 ಜೀನ್ ದೋಷ ಗೊತ್ತಾದದ್ದು 2006ರಲ್ಲಿ. ಇಲ್ಲಿ ರಕ್ತದ ಬಿ6 ಮಟ್ಟದಿಂದ ರೋಗ ಪತ್ತೆಯಾಗುವುದಿಲ್ಲ. ಮೂತ್ರ ಅಥವಾ ರಕ್ತದಲ್ಲಿ ಆಲ್ಫಾ-ಎಎಎಸ್ಎ ಎಂಬ ಗುರುತು ಹುಡುಕುತ್ತೇವೆ, ಜೀನ್ ಪರೀಕ್ಷೆಗೆ ಕಳಿಸುತ್ತೇವೆ, ಆದರೆ ವರದಿಗೆ ಕಾಯದೆ ಪಿರಿಡಾಕ್ಸಿನ್ ಕೊಟ್ಟು ನೋಡುತ್ತೇವೆ. ರಕ್ತನಾಳಕ್ಕೆ ಕೊಟ್ಟಾಗ ಉಸಿರು ನಿಲ್ಲುವ ಅಪಾಯ ಇರುವುದರಿಂದ ತೀವ್ರ ನಿಗಾ ಘಟಕದಲ್ಲೇ ಆಗಬೇಕು.

ಥಯಾಮಿನ್, ಅಂದರೆ ಬಿ1, ಅದರದೂ ಇದೇ ಬಗೆ. 2003ರಲ್ಲಿ ಇಸ್ರೇಲ್‌ನಲ್ಲಿ ಥಯಾಮಿನ್ ಇಲ್ಲದೆ ತಯಾರಾದ ಸೋಯಾ ಶಿಶು ಆಹಾರ ಸೇವಿಸಿದ ಕೂಸುಗಳಿಗೆ ಮಿದುಳಿಗೆ ಪೆಟ್ಟಾಯಿತು, ಕೆಲವು ತೀರಿಕೊಂಡವು. ಅಂಥ ಕೊರತೆಯಲ್ಲಿ ಇಡೀ ರಕ್ತದಲ್ಲಿನ ಥಯಾಮಿನ್ ಡೈಫಾಸ್ಫೇಟ್ ಅಳೆದರೆ ತಿಳಿಯುತ್ತದೆ. ಆದರೆ ಥಯಾಮಿನ್ ಸಾಗಿಸುವ ಎಸ್‌ಎಲ್‌ಸಿ19ಎ3 ಜೀನ್ ದೋಷದಲ್ಲಿ ರಕ್ತದ ಮಟ್ಟ ಸಹಜ, ಮಿದುಳಿನ ಒಳಗೆ ಮಾತ್ರ ಬರ. ಎಂಆರ್‌ಐ ನೋಡಿ ಅನುಮಾನ ಬಂದ ತಕ್ಷಣ ಬಯೋಟಿನ್ ಎಂಬ ಇನ್ನೊಂದು ಬಿ ವಿಟಮಿನ್, ಥಯಾಮಿನ್ ಎರಡನ್ನೂ ಶುರು ಮಾಡಬೇಕು. ಫೋಲೇಟ್‌ಗೂ ಹೀಗೇ ಒಂದು ಸ್ಥಿತಿ ಇದೆ: ರಕ್ತದಲ್ಲಿ ಸಾಕಷ್ಟು, ಬೆನ್ನುಹುರಿಯ ದ್ರವದಲ್ಲಿ ಇಲ್ಲ. ಅದಕ್ಕೆ ಸೊಂಟದಿಂದ ದ್ರವ ತೆಗೆದು ಕ್ರಮಸಂಖ್ಯೆ ಹಾಕಿದ ಕೊಳವೆಗಳಲ್ಲಿ ತಕ್ಷಣ ಘನೀಕರಿಸಬೇಕು. ಚಿಕಿತ್ಸೆ ಫೋಲಿನಿಕ್ ಆಮ್ಲ, ಮಾಮೂಲಿ ಫೋಲಿಕ್ ಆಮ್ಲ ಅಲ್ಲ.

ನಡಿಗೆ ತೂರಾಡುವ ಮಗುವಿಗೆ ವಿಟಮಿನ್ ಇ ನೋಡದೆ ಬಿಡಬೇಡಿ. ಇ ಸಾಗಿಸುವ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಬರುವ ಕಾಯಿಲೆ ಫ್ರೀಡ್ರಿಕ್ ಅಟಾಕ್ಸಿಯಾ ಎಂಬ ನಡಿಗೆ ಕೆಡಿಸುವ ಆನುವಂಶಿಕ ಕಾಯಿಲೆಯಂತೆಯೇ ಕಾಣುತ್ತದೆ, ಆದರೆ ಇದಕ್ಕೆ ವಿಟಮಿನ್ ಇಯೇ ಔಷಧಿ. ಇ ಅಂಕಿಯನ್ನು ಕೊಲೆಸ್ಟ್ರಾಲ್ ಜೊತೆಗೆ ಹೋಲಿಸಿಯೇ ಓದಬೇಕು, ಕೊಬ್ಬು ಹೆಚ್ಚಿದ್ದರೆ ಇ ಕೊರತೆ ಮರೆಯಾಗುತ್ತದೆ.

ನೀಲಿಕೊಡೆ

ಓದಿದ ಮೇಲೆ ಆ ಸಮಗ್ರ ಪರೀಕ್ಷೆಯ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಇದರಲ್ಲಿ ಬಿ6 ಇದೆ, ಸಿ ಇದೆ, ಇ ಇದೆ. ಮಂಜುಗಡ್ಡೆಯ ಮಾತು ಎಲ್ಲಿಯೂ ಇಲ್ಲ, ಕೊಲೆಸ್ಟ್ರಾಲ್ ಇಲ್ಲ. ನನ್ನ ಮಗ ಎಲ್ಲವನ್ನೂ ತಿನ್ನುತ್ತಾನೆ, ನಡಿಗೆ ಸರಿಯಿದೆ, ಶಾಲೆಗೆ ಹೋಗುತ್ತಾನೆ. ಇದರಲ್ಲಿ ಅವನಿಗೆ ಅನ್ವಯಿಸುವುದು ಎಷ್ಟು?

ಬೆಳಗಿನ ಪಾಳಿ

ಬಹುಶಃ ಡಿ, ಫೋಲೇಟ್ ಎರಡೇ. ಇಪ್ಪತ್ತು ಅಂಶಗಳನ್ನು ಅಳೆದರೆ ಸಂಪೂರ್ಣ ಆರೋಗ್ಯವಂತ ಮಗುವಿನಲ್ಲೂ ಒಂದಾದರೂ ಮಿತಿಯ ಆಚೆಗೆ ಬೀಳುವ ಸಂಭವವೇ ಹೆಚ್ಚು. ‘ಸಹಜ ಮಿತಿ’ಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಒಳಗೆ ಬರುವಂತೆ ಎಳೆದಿರುತ್ತಾರೆ. ಆ ಒಂದು ಕೆಂಪು ಅಂಕಿಯ ಹಿಂದೆ ಮತ್ತೆ ಎಷ್ಟು ಸೂಜಿ!

ಪುಟ್ಟ ಮಕ್ಕಳಿಗೆ ರಕ್ತದ ಲೆಕ್ಕವೂ ಇದೆ. ಹತ್ತು ಕೆಜಿ ತೂಕದ ಮಗುವಿನಲ್ಲಿ ಇರುವುದೇ ಸುಮಾರು 750ರಿಂದ 800 ಮಿಲಿಲೀಟರ್.

ಸುತ್ತಿಗೆ

ಫೋಲೇಟ್ ಅನ್ನು ಹಳೆಯ ಕಿಣ್ವ ಚುರುಕುಗೊಳಿಸುವ ಔಷಧಿಗಳು ಇಳಿಸುತ್ತವೆ, ಆದ್ದರಿಂದ ನೋಡುವುದು ಸರಿ. ಅವನ ವೈದ್ಯರ ಹತ್ತಿರ ಡಿ, ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಬಗ್ಗೆ ಮಾತನಾಡಿ. ಕಾರ್ಬಮಜೆಪಿನ್ ಇರುವುದರಿಂದ ಸೋಡಿಯಂ, ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ ಅದೇ ಸೂಜಿಯಲ್ಲಿ ಆಗಬಹುದು. ಚರ್ಮ ಮರಗಟ್ಟಿಸುವ ಮುಲಾಮು ಇದೆ. ಕೈಗೆ ಹಚ್ಚಿ ಸುಮಾರು ಒಂದು ಗಂಟೆ ಬಿಟ್ಟು ಚುಚ್ಚಿದರೆ ಹಿಡಿದುಕೊಳ್ಳಲು ಇಬ್ಬರು ಬೇಕಾಗಲಿಕ್ಕಿಲ್ಲ.

ಮುಂದೆ ಎಂದಾದರೂ ಸೆಳವಿಗೆಂದು ಕೊಬ್ಬು ಹೆಚ್ಚು, ಪಿಷ್ಟ ಕಡಿಮೆ ಇರುವ ಕೀಟೋಜೆನಿಕ್ ಪಥ್ಯ ಶುರು ಮಾಡುವುದಾದರೆ ಈ ಪಟ್ಟಿ ದೊಡ್ಡದಾಗುತ್ತದೆ, ಅದಕ್ಕೆ ಶುರುವಿಗೆ ಮೊದಲೂ ನಡುವೆಯೂ ಪರೀಕ್ಷೆ ಬೇಕು.

ಗಾಲಿಕುರ್ಚಿ ಅಪ್ಪ

ಮುಲಾಮಿನ ವಿಷಯ ಇಷ್ಟು ವರ್ಷ ನಮಗೂ ಯಾರೂ ಹೇಳಿರಲಿಲ್ಲ.

ನೀಲಿಕೊಡೆ

ಅವನಿಗೆ ಕೂದಲು ಉದುರುತ್ತಿತ್ತು ಎಂದು ಒಬ್ಬರು ಜಗಿಯುವ ಮಾತ್ರೆ ಕೊಟ್ಟಿದ್ದಾರೆ, ಅದರಲ್ಲಿ ಬಯೋಟಿನ್ ಇದೆ. ಅದರಿಂದ ಪರೀಕ್ಷೆಗೆ ತೊಂದರೆ ಇದೆಯೇ?

ಬೆಳಗಿನ ಪಾಳಿ

ಇದೆ. ಒಳ್ಳೆಯ ಸಮಯಕ್ಕೆ ಕೇಳಿದಿರಿ. ಹಲವು ಯಂತ್ರಗಳು ಬಯೋಟಿನ್ ಅಂಟನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಬಯೋಟಿನ್ ಹೆಚ್ಚಿದ್ದರೆ ಅಂಥ ಯಂತ್ರಗಳಲ್ಲಿ ಡಿ, ಬಿ12, ಫೋಲೇಟ್ ಸುಳ್ಳಾಗಿ ಹೆಚ್ಚು ಕಾಣುತ್ತವೆ, ಅಂದರೆ ಕೊರತೆ ಮುಚ್ಚಿಹೋಗುತ್ತದೆ. ಪ್ಯಾರಾಥೈರಾಯ್ಡ್, ಥೈರಾಯ್ಡ್‌ನ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಕಾಣುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಕೂದಲಿಗೆಂದು ಕೊಡುವ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಬಹುದು, ವೈದ್ಯರನ್ನು ಕೇಳಿ. ಆದರೆ ದೇಹ ಬಯೋಟಿನ್ ಮರುಬಳಸಲಾಗದ ಜನ್ಮಜಾತ ಕಾಯಿಲೆಯಾದ ಬಯೋಟಿನಿಡೇಸ್ ಕೊರತೆಗೆ ಬಯೋಟಿನ್ ತೆಗೆದುಕೊಳ್ಳುವ ಮಕ್ಕಳು ಯಾವ ಕಾರಣಕ್ಕೂ ನಿಲ್ಲಿಸಬಾರದು. ಅವರ ಅರ್ಜಿಯ ಮೇಲೆ ದೊಡ್ಡದಾಗಿ ಬರೆಯಿಸಿ, ಮಾಸ್ ಸ್ಪೆಕ್ಟ್ರೋಮೆಟ್ರಿಯಂಥ ಬೇರೆ ವಿಧಾನದಲ್ಲಿ ಮಾಡುವ ಕಡೆ ಕಳಿಸಬೇಕು.

ಮಾತ್ರೆಯ ಡಬ್ಬಿಯ ಹಿಂಬದಿಯ ಚಿತ್ರ ತೆಗೆದುಕೊಂಡು ಹೋಗಿ ಅರ್ಜಿ ಬರೆಯುವವರಿಗೆ ತೋರಿಸಿ. ಮೂರು ತಿಂಗಳ ಮೇಲೆ ಮರುಪರೀಕ್ಷೆ ಮಾಡಿಸುವಾಗ ಈ ಸಲ ಮಾಡಿಸಿದ ಪ್ರಯೋಗಾಲಯಕ್ಕೇ ಹೋಗಿ, ಹೊಸ ಕಡೆ ಹೋದರೆ ಮತ್ತೆ ಏಕಮಾನದಿಂದ ಶುರು ಮಾಡಬೇಕಾಗುತ್ತದೆ.